ಲೋಟಕ್ಕೊಂದು ಅಂಗಿ: ಬರ್ತ್‌ಡೇ ಪಾರ್ಟಿಯಲ್ಲಿ ಮಕ್ಕಳಿಂದ ಮಾಡಿಸುವ ಕ್ರಾಫ್ಟ್

ಹನ್ನೆರಡು ಮಕ್ಕಳನ್ನು ಕೂರಿಸಿ, ಕೈಗೊಂದು ಲೋಟ ಕೊಟ್ಟು, ‘ಇದನ್ನ ಚೆಂದ ಮಾಡಿ’ ಎನ್ನುವುದು ಸುಲಭದ ಕೆಲಸದ ಹಾಗೆ ಕಾಣುತ್ತದೆ. ಆದರೆ ಲೋಟ ಎಂದರೆ ಮಗುವಿನ ಲೆಕ್ಕದಲ್ಲಿ ಕುಡಿಯುವ ಸಾಮಾನು. ಚಾರ್ಟಿನ ಮೇಲೆ ಹಚ್ಚಿದ ಬಣ್ಣವನ್ನು ಯಾರೂ ನೆಕ್ಕುವುದಿಲ್ಲ, ಲೋಟಕ್ಕೆ ಹಚ್ಚಿದ್ದು ಅರ್ಧ ಗಂಟೆಯೊಳಗೆ ತುಟಿಗೆ ಬರುತ್ತದೆ. ಹಾಗಾಗಿ ಥೀಮ್ ಯಾವುದು, ಬಣ್ಣ ಯಾವುದು ಎಂದು ಯೋಚಿಸುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು: ಈ ಲೋಟದಲ್ಲಿ ಮಗು ಕುಡಿಯುತ್ತದೋ ಇಲ್ಲವೋ.

ಕುಡಿಯುತ್ತದೆ ಎಂದಾದರೆ ಲೋಟಕ್ಕೆ ಬಣ್ಣ, ಗೋಂದು ಎರಡೂ ತಾಗಬಾರದು. ಅಲಂಕಾರವೆಲ್ಲ ಕಳಚಿ ತೆಗೆಯಬಹುದಾದ ಒಂದು ಕಾಗದದ ಅಂಗಿಯ ಮೇಲಿರಲಿ. ಕುಡಿಯುವುದಿಲ್ಲ ಎಂದಾದರೆ, ಕುಡಿಯಲು ಸಾಧ್ಯವೇ ಆಗದಂಥ ಪಾತ್ರೆ ಆರಿಸಿ. ‘ಇದ್ರಲ್ಲಿ ಕುಡೀಬಾರ್ದು ಪುಟ್ಟಾ’ ಎಂದು ಹೇಳಿದ್ದು ಪಾರ್ಟಿಯ ಗಲಾಟೆಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಇವೆರಡರ ಮಧ್ಯೆ ಇರುವ ‘ಹೊರಗಡೆ ತಾನೇ, ಹಚ್ಚಲಿ ಬಿಡಿ, ಆಮೇಲೆ ತೊಳೆದರಾಯ್ತು’ ಎನ್ನುವ ದಾರಿಯಲ್ಲೇ ಎಡವಟ್ಟೆಲ್ಲ ಆಗುವುದು.

ಲೋಟ ಕೊಳ್ಳುವುದು

ಈ ಕೆಲಸಕ್ಕೆ ಸ್ಟೀಲ್ ಲೋಟವನ್ನು ಮೀರಿಸಿದ್ದಿಲ್ಲ. ಬಿದ್ದರೆ ಒಡೆಯುವುದಿಲ್ಲ, ಮನೆಗೆ ಕೊಟ್ಟು ಕಳಿಸಿದರೆ ರಿಟರ್ನ್ ಗಿಫ್ಟೂ ಆಯಿತು. ಮೈಸೂರಿನಲ್ಲಿ ಸಂತೇಪೇಟೆ, ಅಶೋಕ ರಸ್ತೆ ಕಡೆಯ ಪಾತ್ರೆ ಅಂಗಡಿಗಳಲ್ಲಿ, ಮಂಡ್ಯದಲ್ಲಾದರೆ ಪೇಟೆ ಬೀದಿಯಲ್ಲಿ ಡಜನ್ ಲೆಕ್ಕದಲ್ಲಿ ಕೇಳಿ.

ಆಕಾರ ನೋಡಿ ಆರಿಸಿ. ಬಾಯಿ ಅಗಲವಾಗಿ, ತಳ ಕಿರಿದಾಗಿ ಇರುವ ಲೋಟವೇ ಬೇಕು. ಅಂಗಿಯನ್ನು ತಳದ ಕಡೆಯಿಂದ ಏರಿಸಿದರೆ ಅದು ಒಂದು ಎತ್ತರಕ್ಕೆ ಬಂದು ಬಿಗಿಯಾಗಿ ನಿಲ್ಲುತ್ತದೆ. ಮಗು ಅಂಗಿಯನ್ನು ಹಿಡಿದು ಎತ್ತಿದರೂ ಲೋಟದ ಅಗಲ ಬಾಯಿ ಕೆಳಗೆ ಜಾರುವುದಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ನೇರ ಲೋಟವಾದರೆ, ಪಾನಕ ತುಂಬಿದ ಲೋಟ ಅಂಗಿಯೊಳಗಿಂದ ಸರ್ರನೆ ಜಾರಿ ನೆಲಕ್ಕೆ ಬೀಳುತ್ತದೆ, ಮಗುವಿನ ಕೈಯಲ್ಲಿ ಬರೀ ಕಾಗದ ಉಳಿಯುತ್ತದೆ. ನೇರ ಲೋಟವೇ ಸಿಕ್ಕಿದೆ ಎಂದರೆ ಪಾನೀಯ ಕೊಡುವ ಮುಂಚೆ ಅಂಗಿ ಕಳಚಿಸುವುದೊಂದೇ ದಾರಿ.

ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಅಂಚನ್ನು ಹೊರಕ್ಕೆ ಸುತ್ತಿ ಮಡಿಸಿರಬೇಕು. ತೀರಾ ತೆಳು ಲೋಟಗಳಲ್ಲಿ ತಗಡನ್ನು ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ, ಅದು ತುಟಿ ಗೀರುತ್ತದೆ. ಹನ್ನೆರಡೂ ಒಂದೇ ಕಟ್ಟಿನವಾಗಿರಲಿ. ನೋಡಲು ಒಂದೇ ತರಹ ಇದ್ದರೂ ಬೇರೆ ಕಟ್ಟಿನ ಲೋಟ ಎರಡು ಮಿಲಿಮೀಟರ್ ದಪ್ಪಗಿದ್ದರೆ ಅಂಗಿ ಏರುವುದಿಲ್ಲ.

ಪಾತ್ರೆ ಅಂಗಡಿಯಲ್ಲೇ ಮೆಷಿನ್ನಿನಿಂದ ಹೆಸರು ಹಾಕಿಕೊಡುತ್ತಾರಲ್ಲ, ಅದನ್ನು ಮರೆಯಬೇಡಿ. ಲೋಟದ ಮೇಲೆ ಎಂದೂ ಉದುರದ, ಬಾಯಿಗೆ ಹೋಗದ ಅಲಂಕಾರ ಅದೊಂದೇ. ಮಕ್ಕಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಚೀಟಿ ಕೊಡಿ, ಬಾಯಿಮಾತಲ್ಲಿ ಹೇಳಿದರೆ ‘ಶ್ರೇಯಾ’ ‘ಶ್ರೀಯಾ’ ಆಗಿ ಬರುತ್ತದೆ. ಹೆಸರು ಅಂಗಿಯ ಕೆಳಗೆ ಮುಚ್ಚಿಹೋಗದಂತೆ ತಳದ ಹೊರಭಾಗದಲ್ಲಿ ಹಾಕಿಸಿ. ಕೊರೆದ ಜಾಗವನ್ನು ಒಮ್ಮೆ ಸವರಿ ನೋಡಿ. ತರಿತರಿ ಇದ್ದರೆ ಅಲ್ಲೇ ಉಜ್ಜಿಸಿಕೊಳ್ಳಿ. ಯಾರ ಲೋಟ ಯಾರದು ಎಂಬ ಜಗಳವೂ ಇದರಿಂದ ಮುಗಿಯುತ್ತದೆ, ಒಬ್ಬರ ಎಂಜಲು ಇನ್ನೊಬ್ಬರಿಗೆ ಹೋಗುವುದೂ ತಪ್ಪುತ್ತದೆ.

ಹೊಸ ಲೋಟವನ್ನು ಹಿಂದಿನ ದಿನವೇ ತೊಳೆದಿಡಿ. ಸ್ಟಿಕ್ಕರ್ ಇದ್ದರೆ ಬಿಸಿನೀರಲ್ಲಿ ನೆನೆಹಾಕಿ ಕಿತ್ತು, ಉಳಿದ ಅಂಟಿನ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೆ ಬಿಡುತ್ತದೆ. ಬಿಳಿ ಬಟ್ಟೆಯಲ್ಲಿ ಒಳಗೆ ಒರೆಸಿದಾಗ ಕಪ್ಪು ಬರುತ್ತಿದ್ದರೆ ಪಾಲಿಶ್ ಉಳಿದಿದೆ ಎಂದರ್ಥ. ಸೋಪು, ಬಿಸಿನೀರಿನಲ್ಲಿ ಇನ್ನೊಂದು ಸಲ ತಿಕ್ಕಿ.

ಬೇರೆ ಲೋಟಗಳ ಮಾತು ಚುಟುಕಾಗಿ. ‘ರಾಜರ ಕಾಲದ ಥೀಮ್’ ಎಂದು ತಾಮ್ರ, ಹಿತ್ತಾಳೆ ಲೋಟ ತಂದರೆ ನಿಂಬೆ ಪಾನಕ, ಮಜ್ಜಿಗೆ ಅದರಲ್ಲಿ ಹಾಕಬೇಡಿ, ಹುಳಿಗೆ ಲೋಹ ಬಿಡುತ್ತದೆ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಮಜ್ಜಿಗೆ ಕಿಲುಬುಗಟ್ಟುವುದು ಅಜ್ಜಿಯಂದಿರಿಗೆಲ್ಲ ಗೊತ್ತಿರುವ ವಿಷಯವೇ. ಪೇಪರ್ ಕಪ್ಪಿನ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಹೊರಗೂ ನುಣುಪು ಇದ್ದರೆ ಸ್ಕೆಚ್ ಪೆನ್ ನಿಲ್ಲದೆ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಲೋಟ, ಅಲಂಕಾರದ ಥರ್ಮೋಕೋಲ್ ಎರಡೂ 1 ಜುಲೈ 2022ರಿಂದ ದೇಶದಾದ್ಯಂತ ನಿಷೇಧವಾಗಿರುವ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಪಟ್ಟಿಯಲ್ಲಿವೆ. ಎಲ್ಲೋ ಮೂಲೆಯ ಅಂಗಡಿಯಲ್ಲಿ ಸಿಕ್ಕಿತು ಅಂತ ತರಬೇಡಿ. ಪಿಂಗಾಣಿ ಮಗ್ ಎಂಟು ವರ್ಷ ದಾಟಿದವರಿಗೆ ಮಾತ್ರ, ಅದೂ ಚಾಪೆ ಹಾಸಿದ ನೆಲದ ಮೇಲೆ.

ಅಂಗಿಯ ಅಳತೆ

ಎಲ್ಲರೂ ಎಡವುವುದು ಇಲ್ಲೇ. ಆಯತಾಕಾರದ ಪಟ್ಟಿಯನ್ನು ಕತ್ತರಿಸಿ ಇಳಿಜಾರು ಲೋಟಕ್ಕೆ ಸುತ್ತಿದರೆ ಮೇಲೆ ಬಿಗಿಯಾಗಿ ಕೆಳಗೆ ಡೊಗಳೆಯಾಗುತ್ತದೆ, ಅಂಟಿಸಿದ ಐದೇ ನಿಮಿಷಕ್ಕೆ ಬಿಚ್ಚಿಕೊಳ್ಳುತ್ತದೆ. ಪಟ್ಟಿ ಕಮಾನಿನಂತೆ ಬಾಗಿರಬೇಕು.

ಲೆಕ್ಕ ಹೀಗೆ. ಲೋಟದ ಬಾಯಿಯ ಅಗಲ, ತಳದ ಅಗಲ, ಮತ್ತು ಪಕ್ಕದ ಉದ್ದವನ್ನು ಅಳೆಯಿರಿ. ಪಕ್ಕದ ಉದ್ದ ಎಂದರೆ ಗೋಡೆಗೆ ಸ್ಕೇಲ್ ಒರಗಿಸಿ ಅಂಚಿನಿಂದ ತಳದವರೆಗಿನದು. ಬಾಯಿಯ ಅಗಲವನ್ನು ಪಕ್ಕದ ಉದ್ದದಿಂದ ಗುಣಿಸಿ, ಬಾಯಿ ಮತ್ತು ತಳದ ಅಗಲಗಳ ವ್ಯತ್ಯಾಸದಿಂದ ಭಾಗಿಸಿದರೆ ದೊಡ್ಡ ಕಮಾನಿನ ತ್ರಿಜ್ಯ. ಆ ವ್ಯತ್ಯಾಸವನ್ನೇ 180ರಿಂದ ಗುಣಿಸಿ ಪಕ್ಕದ ಉದ್ದದಿಂದ ಭಾಗಿಸಿದರೆ ಕೋನ. ಬಾಯಿ 7 ಸೆಂ.ಮೀ., ತಳ 5.5 ಸೆಂ.ಮೀ., ಪಕ್ಕ 9 ಸೆಂ.ಮೀ. ಇರುವ ಲೋಟಕ್ಕೆ ತ್ರಿಜ್ಯ 42 ಸೆಂ.ಮೀ., ಕೋನ 30 ಡಿಗ್ರಿ. ಕಂಪಾಸ್ ಬಾಕ್ಸಿನ ಮೂಲೆಮಟ್ಟದಲ್ಲೇ 30 ಡಿಗ್ರಿ ಇದೆ, ಬೇರೇನೂ ಬೇಡ. ಈ ಲೋಟದಲ್ಲಿ ತುಂಬ ಹಾಕಿದರೆ ಸುಮಾರು 275 ಮಿ.ಲೀ. ಹಿಡಿಯುತ್ತದೆ, ಐದಾರು ವರ್ಷದವರಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಹಾಕಿದರೆ ಸಾಕು.

ಪೂರ್ತಿ ಎತ್ತರಕ್ಕೆ ಅಂಗಿ ತೊಡಿಸಬಾರದು. ಅಂಚಿನಿಂದ ಕೆಳಗೆ 2.5 ಸೆಂ.ಮೀ. ಖಾಲಿ ಬಿಡಿ. ಬಾಯಿ, ತುಟಿ, ಜೊಲ್ಲು ತಾಗುವ ಜಾಗ ಅದು. ಪಿಂಗಾಣಿ ಲೋಟಗಳ ಸೀಸ ಪರೀಕ್ಷೆಯಲ್ಲೂ ಅಂಚಿನ ಕೆಳಗಿನ 2 ಸೆಂ.ಮೀ. ಪಟ್ಟಿಯನ್ನು ತುಟಿ ತಾಗುವ ಭಾಗ ಎಂದೇ ಪ್ರತ್ಯೇಕವಾಗಿ ನೋಡುತ್ತಾರೆ. ಮಕ್ಕಳು ಲೋಟವನ್ನು ದೊಡ್ಡವರಿಗಿಂತ ಜಾಸ್ತಿ ಬಾಯೊಳಗೆ ತುರುಕುತ್ತಾರೆ, ಅದಕ್ಕೇ ಅರ್ಧ ಸೆಂ.ಮೀ. ಹೆಚ್ಚಿಗೆ. ತಳದಲ್ಲಿ 1 ಸೆಂ.ಮೀ. ಬಿಡಿ. ಟೇಬಲ್ ಮೇಲೆ ಚೆಲ್ಲಿದ ನೀರು ಕಾಗದಕ್ಕೆ ಏರುವುದಿಲ್ಲ.

ಹಾಗಾದರೆ ಮೇಲಿನ ಲೋಟಕ್ಕೆ ಒಂದೇ ಕೇಂದ್ರದಿಂದ 39.5 ಸೆಂ.ಮೀ. ಮತ್ತು 34 ಸೆಂ.ಮೀ. ತ್ರಿಜ್ಯದ ಎರಡು ಕಮಾನು, ಮಧ್ಯೆ 5.5 ಸೆಂ.ಮೀ. ಅಗಲ. 30 ಡಿಗ್ರಿಯ ತುಂಡು, ಜೊತೆಗೆ ಒಂದು ತುದಿಯಲ್ಲಿ ಅಂಟಿಸಲು 1.5 ಸೆಂ.ಮೀ. ಹೆಚ್ಚುವರಿ. ಅಂಟಿಸುವ ಭಾಗ ಬಿಟ್ಟು ಮೇಲಿನ ಅಂಚು ಸುಮಾರು 20.7, ಕೆಳಗಿನದು 17.8 ಸೆಂ.ಮೀ. ಬಂದರೆ ಲೆಕ್ಕ ಸರಿ. ಇಷ್ಟು ದೊಡ್ಡ ಕೈವಾರ ಯಾರ ಮನೆಯಲ್ಲೂ ಇರುವುದಿಲ್ಲ. ದಾರದ ಒಂದು ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದಕ್ಕೆ ಪೆನ್ಸಿಲ್ ಕಟ್ಟಿ ನೆಲದ ಮೇಲೆ ಎಳೆಯಿರಿ. ದಾರ ಹಿಗ್ಗಬಾರದು, ಹೂ ಕಟ್ಟುವ ನಾರು ಬೇಡ, ಟ್ವೈನ್ ದಾರ ಒಳ್ಳೆಯದು.

ಲೆಕ್ಕ ಬೇಡ ಎನ್ನುವವರು ಹಳೆ ನ್ಯೂಸ್‌ಪೇಪರನ್ನು ಲೋಟಕ್ಕೆ ಸುಕ್ಕಿಲ್ಲದೆ ಬಿಗಿಯಾಗಿ ಸುತ್ತಿ, ಮೇಲೆ 2.5, ಕೆಳಗೆ 1 ಸೆಂ.ಮೀ. ಬಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಹಾಕಿ, ಬಿಚ್ಚಿ ಕತ್ತರಿಸಬಹುದು. ಎರಡು ಸಲ ತಪ್ಪುತ್ತದೆ, ಮೂರನೆಯದಕ್ಕೆ ಸರಿಬರುತ್ತದೆ. ಯಾವ ದಾರಿಯಲ್ಲೇ ಮಾಡಿ, ಸಿಕ್ಕಿದ ಅಚ್ಚನ್ನು ಮೂರು ಬೇರೆ ಬೇರೆ ಲೋಟಕ್ಕೆ ತೊಡಿಸಿ ನೋಡಿದ ಮೇಲೆ ಉಳಿದವನ್ನು ಕತ್ತರಿಸಿ.

ಕಾಗದ 200ರಿಂದ 250 ಜಿ.ಎಸ್.ಎಂ. (ಒಂದು ಚದರ ಮೀಟರ್ ಕಾಗದಕ್ಕೆ ಇಷ್ಟು ಗ್ರಾಂ) ತೂಕದ್ದಿರಲಿ. ತೆಳು ಬಣ್ಣದ ಪೇಪರ್ ತಣ್ಣನೆ ಪಾನಕದ ಬೆವರಿಗೆ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಅದಕ್ಕಿಂತ ದಪ್ಪನೆಯದು ಸುತ್ತುವಾಗ ಮುರಿದು ಬಿಳಿ ಗೆರೆ ಬೀಳುತ್ತದೆ. ಕಾಗದಕ್ಕೆ ನಾರಿನ ದಿಕ್ಕು ಅಂತ ಒಂದಿದೆ. ಚಾರ್ಟನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆ ಸೆಟೆದು ನಿಲ್ಲುತ್ತದೆ. ಸುಲಭವಾಗಿ ಬಾಗುವ ದಿಕ್ಕಿಗೇ ಅಂಗಿಯ ಉದ್ದ ಬರುವಂತೆ ಕತ್ತರಿಸಿ. ಅಂಗಿಗಳು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿದ್ದರೆ ಗೋಂದನ್ನು ಬೈಯುವ ಮುಂಚೆ ಇದನ್ನು ನೋಡಿ.

56 × 71 ಸೆಂ.ಮೀ. ಅಳತೆಯ ಒಂದು ಚಾರ್ಟಿನಲ್ಲಿ ಇಂಥ ಹದಿನೆಂಟು ಅಂಗಿ ಆರಾಮವಾಗಿ ಬರುತ್ತವೆ. ಹನ್ನೆರಡು ಮಕ್ಕಳಿಗೆ ಹದಿನೈದು ಅಂಗಿ ಮಾಡಿಟ್ಟುಕೊಳ್ಳಿ. ಒಂದು ಹರಿಯುತ್ತದೆ, ಒಬ್ಬರು ‘ನಂದು ಚೆನ್ನಾಗಿಲ್ಲ’ ಎಂದು ಅಳುತ್ತಾರೆ, ಕರೆಯದೆ ಬಂದ ಪಕ್ಕದ ಮನೆಯ ಪುಟಾಣಿ ಒಂದಿರುತ್ತದೆ.

ಆನೆಯೋ ಹೆಜ್ಜಾರ್ಲೆಯೋ

ಮೈಸೂರಿನ ಮಕ್ಕಳಿಗೆ ದಸರಾ ಆನೆಗಿಂತ ಒಳ್ಳೆಯ ಥೀಮ್ ಹುಡುಕಬೇಕಾಗಿಲ್ಲ. ಬೂದು ಬಣ್ಣದ ಅಂಗಿ, ಮುಂದುಗಡೆ ಸುಮಾರು 9 ಸೆಂ.ಮೀ. ಜಾಗದಲ್ಲಿ ಮುಖ. ಉಳಿದ ಭಾಗಕ್ಕೆ ಏನನ್ನೂ ಅಂಟಿಸಬೇಡಿ; ಮಗು ಲೋಟ ಹಿಡಿಯುವುದು ಅಲ್ಲೇ. ಕಿವಿಗಳು 5 ಸೆಂ.ಮೀ. ಎತ್ತರ, 4 ಸೆಂ.ಮೀ. ಅಗಲ, ಒಂದು ಬದಿಯಲ್ಲಿ 1 ಸೆಂ.ಮೀ. ಮಡಿಸಿ ಆ ಮಡಿಕೆಗಷ್ಟೇ ಗೋಂದು. ಸೊಂಡಿಲಿಗೆ 2 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪಟ್ಟಿಯನ್ನು ಬೀಸಣಿಗೆಯಂತೆ ಒಂದೊಂದು ಸೆಂ.ಮೀ.ಗೆ ಮಡಚಿ ಮೇಲ್ತುದಿಯನ್ನು ಮಾತ್ರ ಅಂಟಿಸಿ. ಸೊಂಡಿಲು ಲೋಟದ ತಳಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಲೋಟ ಅದರ ಮೇಲೇ ಕೂತು ವಾಲುತ್ತದೆ. ಹಣೆಗೆ ಕೆಂಪು ತ್ರಿಕೋನದ ಹಣೆಪಟ್ಟಿ, ಅದರ ಮೇಲೆ ಮತ್ತು ಕಿವಿಯ ಮೇಲೆ ಮಕ್ಕಳು ಕ್ರೇಯಾನಿನಲ್ಲಿ ಹೂ, ಬಳ್ಳಿ, ನವಿಲು ಏನು ಬೇಕಾದರೂ ಬರೆಯಲಿ. ಜಂಬೂಸವಾರಿಯ ಆನೆಗಳಿಗೆ ಚಿತ್ರ ಬರೆದು ಸಿಂಗರಿಸುವುದನ್ನು ನೋಡಿದ ಮಕ್ಕಳಿಗೆ ಹೇಳಿಕೊಡುವುದೇ ಬೇಕಿಲ್ಲ.

ಅಂಬಾರಿಯದೇ ತಕರಾರು. ಆನೆ ಎಂದ ಮೇಲೆ ಅಂಬಾರಿ ಬೇಕೇ ಬೇಕು ಎನ್ನುತ್ತಾರೆ, ಅದು ಲೋಟದ ಅಂಚಿನ ಮೇಲೆ ಎದ್ದು ನಿಲ್ಲುತ್ತದೆ, ಕುಡಿಯಲು ಹೋದರೆ ಕಣ್ಣಿಗೆ ಚುಚ್ಚುತ್ತದೆ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವ ಆನೆಯಾದರೂ ನಮ್ಮ ಲೋಟದಲ್ಲಿ ಅಂಬಾರಿಯನ್ನು ಹಳದಿ ಕ್ರೇಯಾನಿನಲ್ಲಿ ಅಂಗಿಯ ಹಿಂಬದಿಗೆ ಬರೆದುಕೊಳ್ಳಬೇಕು. ಅಂಗಿಯ ಮೇಲಂಚನ್ನು ದಾಟಿ ಯಾವುದೂ ಮೇಲೇಳಬಾರದು, ಕಿವಿ ಕೂಡ.

ಮಂಡ್ಯದ ಕಡೆಯವರಿಗೆ ಹಕ್ಕಿಗಳಿವೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲವೇ ಈ ಕ್ರಾಫ್ಟಿನ ಮಜ. 8 ಸೆಂ.ಮೀ. ವ್ಯಾಸದ ವೃತ್ತವನ್ನು ಅರ್ಧಕ್ಕೆ ಕತ್ತರಿಸಿ, ನೇರ ಅಂಚು ಮೇಲೆ ಬರುವಂತೆ ಇಟ್ಟು, ಬಾಗಿದ ಅಂಚಿಗೆ ಮಾತ್ರ ಗೋಂದು ಹಚ್ಚಿ ಅಂಗಿಗೆ ಅಂಟಿಸಿದರೆ ಜೇಬು. ಅದರೊಳಗೆ ಕಾಗದದ ಮೀನು. ಬರ್ತ್‌ಡೇ ಮಗು ಪ್ರತಿಯೊಬ್ಬರಿಗೂ ಒಂದೊಂದು ಮೀನು ಹಾಕುತ್ತಾ ಬರಬಹುದು. ಬಣ್ಣದ ಕೊಕ್ಕರೆ ಮಾಡುವುದಾದರೆ ಹಳದಿ ಕೊಕ್ಕು, ಕೇಸರಿ ಕೆಂಪು ಮುಖ, ಕಪ್ಪು ಬಿಳುಪು ರೆಕ್ಕೆ, ಹಿಂದುಗಡೆ ಗುಲಾಬಿ ಗರಿ. ಕೊಕ್ಕು ಮುಂದಕ್ಕೆ ಚಾಚುವುದು ಬೇಡ, ಪಕ್ಕಕ್ಕೆ ತಿರುಗಿಸಿ ಅಂಗಿಗೆ ಒತ್ತಿ ಅಂಟಿಸಿ, ತುದಿಯನ್ನು ಗುಂಡಗೆ ಕತ್ತರಿಸಿ.

ಮಕ್ಕಳ ಮುಂದೆ ಇಡಬಾರದವು

ಅಂಗಡಿಯ ಕ್ರಾಫ್ಟ್ ಕಿಟ್‌ಗಳಲ್ಲಿ ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಕುಂದಣ, ಮಣಿ, ಚಮಕಿ ಇದ್ದೇ ಇರುತ್ತವೆ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಪಾರ್ಟಿಗೆ ಬಂದಿರುವ ಕಡೆ ಇವು ಯಾವುದೂ ಬೇಡ. ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿ.ಮೀ. ವ್ಯಾಸದ ಒಂದು ಪುಟ್ಟ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ಯಾವ ವಸ್ತುವೂ ಆ ವಯಸ್ಸಿನವರ ಗಂಟಲಿಗೆ ಅಪಾಯ. ಆನೆಯ ಕಣ್ಣನ್ನು ಸ್ಕೆಚ್ ಪೆನ್ನಲ್ಲಿ ಬರೆದರೆ ನಷ್ಟವೇನಿಲ್ಲ.

ಮಣಿ ಬೇಡ ಎಂದಾಗ ಅಡುಗೆಮನೆಯ ಕಡಲೆಕಾಳು, ಹೆಸರುಕಾಳು, ಬಟಾಣಿ ತಂದು ಸುರಿಯುವ ಅಭ್ಯಾಸವೂ ಇದೆ. ಕಾಳು ಮೂಗಿಗೆ, ಕಿವಿಗೆ ಹೋಗುವುದು ಇಂಥ ಹೊತ್ತಲ್ಲೇ. ಹೋಯಿತೆಂದರೆ ಕಡ್ಡಿ, ಪಿನ್ನು ಹಾಕಿ ಕೆದಕಬೇಡಿ, ಒಳಕ್ಕೆ ತಳ್ಳಿದಂತಾಗುತ್ತದೆ. ನೀರೂ ಹಾಕಬೇಡಿ, ಕಾಳು ಊದಿ ಇನ್ನಷ್ಟು ಬಿಗಿಯಾಗುತ್ತದೆ. ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಎಲ್ಲಕ್ಕಿಂತ ಮುಖ್ಯವಾಗಿ ಗುಲಗಂಜಿ. ಕೆಂಪು ಮೈಗೆ ಕಪ್ಪು ಚುಕ್ಕೆ, ಆನೆ ಕಣ್ಣಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅಜ್ಜಿಯ ಡಬ್ಬಿಯಲ್ಲೋ ಬೇಲಿಯಲ್ಲೋ ಸಿಕ್ಕಿಬಿಡುತ್ತದೆ. ಅದರ ಬೀಜದೊಳಗೆ ಘೋರ ವಿಷವಿದೆ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಸೂಜಿಯಲ್ಲಿ ತೂತು ಮಾಡಿ ಪೋಣಿಸಿದ ಬೀಜವಂತೂ ಇನ್ನೂ ಕೆಟ್ಟದ್ದು, ಗಟ್ಟಿ ಸಿಪ್ಪೆ ಆಗಲೇ ಒಡೆದಿರುತ್ತದೆ. ಹರಳು ಬೀಜವೂ ಅದೇ ಜಾತಿಯ ಅಪಾಯ. ಮನೆಯಲ್ಲಿದ್ದರೆ ಆ ದಿನ ಬೀರುವಿನೊಳಗೆ ಬೀಗ ಹಾಕಿಡಿ.

ಬಣ್ಣದ ವಿಷಯಕ್ಕೆ ಬಂದರೆ, ರಂಗೋಲಿ ಪುಡಿ ಬೇಡ. ಗಾಳಿಗೆ ಎದ್ದು ಕಣ್ಣಿಗೆ, ಉಸಿರಿಗೆ ಹೋಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯ ಹಾಗೆ ಕೆಂಪು ಬರುತ್ತದೆ ನಿಜ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಕಿಟಕಿಗೆ ಹೊಡೆದು ಉಳಿದ ಎನಾಮಲ್ ಪೇಂಟ್ ಡಬ್ಬಿಯನ್ನು ಮುಟ್ಟಲೇಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಗೆ ಬಂತು, ನಿಮ್ಮ ಅಟ್ಟದ ಡಬ್ಬಿ ಅದಕ್ಕಿಂತ ಹಳೆಯದಿರಬಹುದು. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದು ಬರೆದಿದ್ದರೆ, ಕೈಗೆ ಮೆತ್ತಿದರೆ ತೊಂದರೆಯಿಲ್ಲ ಎನ್ನಬಹುದೇ ಹೊರತು ಊಟದ ಪಾತ್ರೆಗೆ ಹಚ್ಚಬಹುದು ಎಂದಲ್ಲ. ಸ್ಟೀಲ್ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಿದರೆ ಹಿಡಿತ ಸಿಗದೆ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ, ಆ ಸಿಪ್ಪೆ ಬೀಳುವುದು ಹಾಲಿನೊಳಗೆ.

ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ತರಹದ ಅಂಟು ಮಕ್ಕಳಿರುವ ಕೋಣೆಯಲ್ಲೇ ಇರಬಾರದು. ಬೆರಳಿಗೆ ಬೆರಳು ಅಂಟಿದರೆ ಎಳೆಯದೆ ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಅದು ಬಿಸಿಯಾಗಿ ಚರ್ಮ ಸುಡುವುದೂ ಉಂಟು. ಗ್ಲೂ ಗನ್ ಬಳಸುವುದಿದ್ದರೆ ಹಿಂದಿನ ರಾತ್ರಿ ದೊಡ್ಡವರು ಬಳಸಿ ಎತ್ತಿಡಲಿ. ಸ್ಟೇಪ್ಲರ್ ಬೇಡವೇ ಬೇಡ. ಪಿನ್ನಿನ ತುದಿ ಅಂಗಿಯೊಳಗೆ ಬಾಗದೆ ಉಳಿದರೆ ಬೆರಳು ಗೀರುತ್ತದೆ, ಬಿದ್ದರೆ ಪಾನಕದೊಳಗೆ.

ಬಣ್ಣ ಅಥವಾ ಗೋಂದು ಕಣ್ಣಿಗೆ ಹಾರಿದರೆ ಉಜ್ಜಲು ಬಿಡದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ. ಏನಾದರೂ ಗಂಟಲಿಗೆ ಸಿಕ್ಕಿ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ, ಬೆರಳು ಹಾಕಿ ಹುಡುಕಬೇಡಿ. ದನಿ ನಿಂತು ಉಸಿರಾಡಲಾಗದಿದ್ದರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬಿನ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಹೊಡೆಯಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಪಾರ್ಟಿಯ ಸಂಜೆ

ಸಾಮಾನು ಹನ್ನೆರಡು ಜನಕ್ಕೆ: ಹದಿನೈದು ಅಂಗಿ, ಕಿವಿ ಸೊಂಡಿಲು ಇತ್ಯಾದಿಗೆ ಇನ್ನೊಂದು ಚಾರ್ಟ್, ಆರು ಗ್ಲೂ ಸ್ಟಿಕ್, ಹನ್ನೆರಡು ಬಣ್ಣದ ಕ್ರೇಯಾನ್ ಪೆಟ್ಟಿಗೆ ನಾಲ್ಕು, ನೀರಿನಲ್ಲಿ ತೊಳೆದುಹೋಗುವ ಸ್ಕೆಚ್ ಪೆನ್ ಮೂರು ಸೆಟ್, ಎರಡು ಕಡೆ ಅಂಟುವ 12 ಮಿ.ಮೀ. ಟೇಪ್ ಒಂದು ಸುರುಳಿ, ಮೊಂಡು ತುದಿಯ ಕತ್ತರಿ ಆರು, ಒದ್ದೆ ಬಟ್ಟೆ ಆರು. ಆರು ವರ್ಷದೊಳಗಿನವರಿಗೆ ಕತ್ತರಿ ಕೊಡಬೇಡಿ, ಎಲ್ಲ ತುಂಡೂ ಕತ್ತರಿಸಿದ್ದೇ ಇರಲಿ. ಪ್ರತಿ ಮಗುವಿನ ತುಂಡುಗಳನ್ನು ಒಂದೊಂದು ಕಾಗದದ ಕವರಿಗೆ ಹಾಕಿ ಹೆಸರು ಬರೆಯಿರಿ. ಎಲ್ಲವನ್ನೂ ನಡುವೆ ರಾಶಿ ಹಾಕಿದರೆ ಎರಡೇ ನಿಮಿಷದಲ್ಲಿ ಒಬ್ಬರ ಹತ್ತಿರ ಐದು ಕಿವಿ, ಇನ್ನೊಬ್ಬರ ಹತ್ತಿರ ಒಂದೂ ಇಲ್ಲ.

ಗೋಂದಿಗೆ ಸ್ಟಿಕ್ಕೇ ಸಾಕು. ಬಿಳಿ ಫೆವಿಕಾಲ್ ಬಳಸುವುದಾದರೆ ಬಾಟಲಿ ಕೊಡದೆ ಮುಚ್ಚಳದಲ್ಲಿ ಕಡಲೆ ಗಾತ್ರದಷ್ಟು ಹಾಕಿಕೊಡಿ. ಮಕ್ಕಳಿಗೆ ಗೋಂದು ಜಾಸ್ತಿಯಾದಷ್ಟೂ ಗಟ್ಟಿ ಎಂಬ ನಂಬಿಕೆ. ನಿಜದಲ್ಲಿ ಕಾಗದ ಸುಕ್ಕಾಗಿ ಜಾರುತ್ತದೆ. ಒಣಗಲು ಅರ್ಧ ಗಂಟೆ, ಜುಲೈ ಮಳೆಯ ಥಂಡಿಯಲ್ಲಿ ಅದಕ್ಕಿಂತ ಜಾಸ್ತಿ. ಮೈದಾ ಬೇಯಿಸಿದ ಅಂಟು ಮೂರು ನಾಲ್ಕು ವರ್ಷದವರಿಗೆ ಒಳ್ಳೆಯದು, ಬಾಯಿಗೆ ಹೋದರೂ ಚಿಂತೆಯಿಲ್ಲ. ಒಂದು ಅಳತೆ ಮೈದಾಗೆ ಐದು ಅಳತೆ ನೀರು, ಗಂಟಿಲ್ಲದೆ ಕಲಸಿ ಸಣ್ಣ ಉರಿಯಲ್ಲಿ ಮಂದವಾಗುವವರೆಗೆ ಕೈಯಾಡಿಸಿ ಆರಿಸಿ. ಅವತ್ತಿನದು ಅವತ್ತೇ ಮುಗಿಯಬೇಕು, ಮಾರನೆಯ ದಿನಕ್ಕೆ ಹಳಸುತ್ತದೆ. ಅಂಗಿಯನ್ನು ಬಹುದಿನ ಇಟ್ಟುಕೊಂಡರೆ ಜಿರಳೆಗಳೂ ಪಾರ್ಟಿ ಮಾಡುತ್ತವೆ.

ಕ್ರಾಫ್ಟ್ ಮೊದಲು, ಕೇಕ್ ಆಮೇಲೆ. ಐದು ಗಂಟೆಗೆ ಬನ್ನಿ ಎಂದರೆ ಆರರವರೆಗೂ ಬರುತ್ತಲೇ ಇರುತ್ತಾರೆ, ಬಂದ ಮಕ್ಕಳನ್ನು ಬಂದ ಹಾಗೆ ಚಾಪೆಯ ಮೇಲೆ ಕೂರಿಸಿದರೆ ಕಾಯುವ ಹೊತ್ತೂ ಕಳೆಯುತ್ತದೆ. ಕೇಕ್ ತಿಂದ ಕೈಗೆ ಕ್ರೀಮ್ ಜಿಡ್ಡು ಹತ್ತಿರುತ್ತದೆ, ಆ ಕೈ ತಾಗಿದ ಕಾಗದಕ್ಕೆ ಗೋಂದು ಹಿಡಿಯುವುದಿಲ್ಲ. ಬಣ್ಣ ಹಾಕಲು ಹದಿನೈದು ನಿಮಿಷ, ಅಂಟಿಸಲು ಹತ್ತು, ತೊಡಿಸಲು ಐದು. ನಾಲ್ಕೈದು ವರ್ಷದವರು ಅದಕ್ಕಿಂತ ಹೆಚ್ಚು ಕೂರುವುದೂ ಇಲ್ಲ.

ಕೆಲಸವೆಲ್ಲ ಅಂಗಿಯನ್ನು ಚಪ್ಪಟೆಯಾಗಿ ಇಟ್ಟೇ ನಡೆಯಲಿ. ಲೋಟಗಳು ಆ ಹೊತ್ತಿಗೆ ಅಡುಗೆಮನೆಯಲ್ಲೇ ಇರಲಿ. ಎದುರಿಗೆ ಲೋಟವೇ ಇಲ್ಲದಿದ್ದರೆ ಅದಕ್ಕೆ ಬಣ್ಣ ಹಚ್ಚುವ ಆಸೆಯೂ ಬರುವುದಿಲ್ಲ. ಬಣ್ಣ ಮುಗಿದ ಅಂಗಿಯ ಬೆನ್ನನ್ನು ದೊಡ್ಡವರೊಬ್ಬರು ಲಟ್ಟಣಿಗೆಯ ಮೇಲೆ ಒಮ್ಮೆ ಎಳೆದರೆ ತಾನೇ ಬಾಗಿಕೊಳ್ಳುತ್ತದೆ. ಮುಖದ ತುಂಡುಗಳನ್ನು ಇದಾದ ಮೇಲೆ ಅಂಟಿಸಿ, ಮೊದಲೇ ಅಂಟಿಸಿದರೆ ಎಳೆಯುವಾಗ ಕೀಳುತ್ತವೆ. ಕೊನೆಗೆ ಟೇಪಿನಿಂದ ಹಿಂಬದಿಯ ಜೋಡಣೆ ಮುಚ್ಚಿ. ಇದು ದೊಡ್ಡವರ ಕೆಲಸ. ಟೇಪ್ ಕಾಗದಕ್ಕೆ ಕಾಗದ ಸೇರಿಸಲು ಮಾತ್ರ, ಸ್ಟೀಲಿಗೆ ತಾಗಿಸಬಾರದು.

ನಾಲ್ಕೈದು ವರ್ಷದವರಾದರೆ ನಾಲ್ಕು ಮಕ್ಕಳಿಗೊಬ್ಬರು, ಆರು ದಾಟಿದವರಾದರೆ ಆರು ಮಕ್ಕಳಿಗೊಬ್ಬರು ದೊಡ್ಡವರು ಬೇಕು. ಫೋಟೊ ತೆಗೆಯುವ ಮಾವನನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಕಾಲೇಜಿಗೆ ಹೋಗುವ ಅಕ್ಕನಿಗೋ ಚಿಕ್ಕಮ್ಮನಿಗೋ ಟೇಪಿನ ಕೆಲಸ ಪೂರ್ತಿ ವಹಿಸಿ. ಮೂರು ವರ್ಷದೊಳಗಿನವರಿಗೆ ಬೇರೆ ಚಾಪೆ, ದಪ್ಪ ಕ್ರೇಯಾನ್, ದೊಡ್ಡ ಹಾಳೆ. ಹತ್ತಿರ ಅವರಮ್ಮ ಕೂತಿರಲಿ. ಫ್ಯಾನ್ ಜೋರಾಗಿದ್ದರೆ ಕಿವಿಗಳೆಲ್ಲ ಹಾರುತ್ತವೆ, ಒಂದರಲ್ಲಿ ಇಡಿ.

ಮುಗಿದ ಕೂಡಲೇ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆಸಿ. ಸ್ಯಾನಿಟೈಸರಿನಿಂದ ಬಣ್ಣ ಹೋಗುವುದಿಲ್ಲ. ಮೇಲಾಗಿ ಅದು ಬೆಂಕಿ ಹಿಡಿಯುವ ವಸ್ತು, ಇನ್ನು ಹತ್ತು ನಿಮಿಷಕ್ಕೆ ಮೇಣದಬತ್ತಿ, ಆರತಿ ಎರಡೂ ಬರುವುದಿದೆ. ಕಾಗದದ ಕಿವಿಯ ಲೋಟಗಳು ಕೇಕಿನ ಟೇಬಲ್ ಮೇಲೆ ಅಲಂಕಾರಕ್ಕೆ ನಿಲ್ಲುವುದೂ ಬೇಡ. ಕರೆಂಟ್ ಹೋದರೆ ಮೇಣದಬತ್ತಿ ಹಚ್ಚದೆ ಚಾರ್ಜಿನ ದೀಪ ಹಾಕಿ.

ಕೈ ಒಣಗಿದ ಮೇಲೆ ಲೋಟ ತಂದು ಅಂಗಿ ತೊಡಿಸಿ, ಆಮೇಲೆ ಪಾನಕ. ಐಸ್ ಹಾಕಿದ ಪಾನಕವಾದರೆ ಲೋಟ ಬೆವರಿ ಅಂಗಿ ನೆನೆಯುತ್ತದೆ. ಸಾಧಾರಣ ತಣ್ಣಗಿದ್ದರೆ ಸಾಕು. ಬಾದಾಮಿ ಹಾಲು ಬಿಸಿಯಾಗಿ ಕೊಡುವವರು ಎರಡು ಸಲ ಯೋಚಿಸಿ, ಸ್ಟೀಲ್ ಲೋಟದ ಅಂಚು ತುಟಿ ಸುಡುತ್ತದೆ, ಅಂಗಿ ಹಿಡಿದ ಕೈಗೆ ಆ ಬಿಸಿ ಗೊತ್ತೇ ಆಗುವುದಿಲ್ಲ. ಕುಡಿಯುವಾಗ ಮಗು ಅಂಗಿಯ ಕಿವಿ ಹಿಡಿದು ಎತ್ತದಂತೆ ಮೊದಲೇ ತೋರಿಸಿಕೊಡಿ.

ಬ್ರಷ್ಷೇ ಬೇಕು ಎನ್ನುವ ದೊಡ್ಡ ಮಕ್ಕಳಿಗೆ

ಎಂಟು ದಾಟಿದವರಿಗೆ ಕ್ರೇಯಾನ್ ಕೊಟ್ಟರೆ ಮುಖ ಊದಿಸಿಕೊಳ್ಳುತ್ತಾರೆ. ಅವರಿಗೆ ಮಣ್ಣಿನ ಪಾತ್ರೆ, ಆದರೆ ಲೋಟವಲ್ಲ. ಮಣ್ಣಿನ ಲೋಟಕ್ಕೆ ಹೊಳಪಿನ ಲೇಪ ಇಲ್ಲದಿದ್ದರೆ ಹೊರಗೆ ಹಚ್ಚಿದ ಬಣ್ಣ ಗೋಡೆಯೊಳಗೆ ಇಳಿಯುತ್ತದೆ, ನೀರು ತುಂಬಿದಾಗ ಮತ್ತೆ ಹೊರಡುತ್ತದೆ. ತಳದಲ್ಲಿ ತೂತಿರುವ ಅಂಗೈ ಗಾತ್ರದ ಹೂಕುಂಡ ಕೊಡಿ. ತೂತಿರುವುದರಲ್ಲಿ ಯಾರೂ ಕುಡಿಯಲಾರರು.

ಕುಂಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ದಿನ ಬಿಸಿಲಿಗೆ ಇಡಿ. ಬಿಳಿ ಅಕ್ರಿಲಿಕ್ಕಿನ ಒಂದು ಕೋಟನ್ನು ಹಿಂದಿನ ದಿನವೇ ದೊಡ್ಡವರು ಹಚ್ಚಿದರೆ ಮಕ್ಕಳ ಬಣ್ಣ ಮಣ್ಣಿಗೆ ಇಂಗದೆ ಎದ್ದು ಕಾಣುತ್ತದೆ. ಒಬ್ಬರಿಗೆ ನಾಲ್ಕು ಬಣ್ಣ, ಒಂದೊಂದು ಚಮಚ ಸಾಕು. ಅಕ್ರಿಲಿಕ್ ಒಣಗಿದ ಮೇಲೆ ಬಟ್ಟೆಯಿಂದ ಹೋಗುವುದಿಲ್ಲ, ರೇಷ್ಮೆ ಲಂಗ ಹಾಕಿಕೊಂಡು ಬಂದವರಿಗೆ ಅಪ್ಪನ ಹಳೆ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿ. ಪೋಸ್ಟರ್ ಕಲರ್ ಬಟ್ಟೆಯಿಂದ ಹೋಗುತ್ತದೆ, ಆದರೆ ಗಿಡಕ್ಕೆ ನೀರು ಹಾಕಿದಾಗ ಕುಂಡದಿಂದಲೂ ಹೋಗುತ್ತದೆ.

ಬ್ರಷ್ ತೊಳೆಯುವ ನೀರು ಯಾವ ಕಾರಣಕ್ಕೂ ಲೋಟದಲ್ಲಿರಬಾರದು. ಕಿತ್ತಳೆ ಬಣ್ಣದ ನೀರಿಗೂ ಕಿತ್ತಳೆ ಜ್ಯೂಸಿಗೂ ಆಟದ ಮಧ್ಯೆ ವ್ಯತ್ಯಾಸ ಕಾಣುವುದಿಲ್ಲ. ಬ್ರಷ್ ಜ್ಯೂಸಿಗೆ ಬೀಳುತ್ತದೆ, ಬಣ್ಣದ ನೀರು ಬಾಯಿಗೆ ಹೋಗುತ್ತದೆ. ಅಗಲವಾದ ಐಸ್‌ಕ್ರೀಂ ಡಬ್ಬಿಯಲ್ಲಿ ಎರಡು ಬೆರಳು ನೀರು ಹಾಕಿ, ಇಬ್ಬರಿಗೊಂದು. ಉರುಳುವುದಿಲ್ಲ, ಎತ್ತಿ ಕುಡಿಯುವ ಹಾಗೂ ಇರುವುದಿಲ್ಲ. ಈ ಗುಂಪು ಕೂರುವ ಜಾಗಕ್ಕೆ ಕುಡಿಯುವ ಯಾವುದೂ ಬರಬಾರದು. ಬಾಯಾರಿದರೆ ಎದ್ದು ಹೋಗಿ ಕುಡಿದು ಬರಲಿ.

ಹೊರಡುವ ಹೊತ್ತಿಗೆ ಬಣ್ಣ ಮುಟ್ಟಲು ಒಣಗಿರುತ್ತದೆ, ಒಳಗೆ ಹಸಿ ಇರುತ್ತದೆ. ನ್ಯೂಸ್‌ಪೇಪರಿನಲ್ಲಿ ಸುತ್ತಿದರೆ ಅಕ್ಷರಗಳೆಲ್ಲ ಕುಂಡಕ್ಕೆ ಅಂಟುತ್ತವೆ. ಸ್ವೀಟ್ ಬಾಕ್ಸಿನೊಳಗೆ ನಿಲ್ಲಿಸಿ, ಮುಚ್ಚಳ ತೆರೆದೇ ಕೊಟ್ಟು ಕಳಿಸಿ. ಒಂದು ದಿನ ಬಿಟ್ಟು ಮಣ್ಣು ತುಂಬಿ, ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಲಿ. ಸ್ಟೀಲ್ ಲೋಟದವರು ಮನೆಗೆ ಹೋಗಿ ಅಂಗಿ ಕಳಚಿ ಲೋಟ ತೊಳೆಯಬೇಕೆಂದು ಅವರಮ್ಮಂದಿರಿಗೆ ಬಾಗಿಲಲ್ಲೇ ಹೇಳಿ, ಇಲ್ಲದಿದ್ದರೆ ಅಂಗಿ ಸಮೇತ ಸಿಂಕಿಗೆ ಬೀಳುತ್ತದೆ.